ಸಮುದಾಯ ಎಂದು ಮೈಕಿನಲ್ಲಿ ಕೂಗಿದ ಮೇಲೆ

ನಾನು ಓದು ನಿಲ್ಲಿಸಿದ್ದು 1974ರಲ್ಲಿ, ಏಳನೆಯ ತರಗತಿಯ ನಡುವೆ. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರ ಮನಸ್ಸು ಕರಗೀತು, ಆದರೆ ಅದು ನಿಜವಲ್ಲ. ಬಿಡಿಸಿದ್ದು ನನ್ನ ಗಂಟಲು. ನಾನು ಪಾಠ ಓದಿದರೆ ಪಕ್ಕದ ಮೂರು ತರಗತಿಯವರೂ ಅದೇ ಪಾಠ ಕಲಿಯಬೇಕಾಗುತ್ತಿತ್ತು. ಹೆಡ್‌ಮಾಸ್ತರರು ನನ್ನನ್ನು ಮೊದಲು ಕೊನೆಯ ಸಾಲಿಗೆ, ಆಮೇಲೆ ಬಾಗಿಲಾಚೆಗೆ, ಆಮೇಲೆ ಬೇವಿನ ಮರದ ಬುಡಕ್ಕೆ ಕಳಿಸಿದರು. ಅಲ್ಲಿಂದಲೂ ಕೇಳಿಸಿತು. "ಇನ್ನೂ ಆಚೆ ಹೋಗೋ" ಅಂದರು. ಬೇವಿನ ಮರದಿಂದ ಇನ್ನೂ ಆಚೆ ಎಂದರೆ ನಮ್ಮ ಮನೆ. ಹೋದೆ, ವಾಪಸು ಬರಲಿಲ್ಲ.

ಅದೇ ಗಂಟಲು ನಲವತ್ತು ವರ್ಷ ಅನ್ನ ಹಾಕಿತು. ನಾನು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗುವ ಕೆಲಸದವನು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಸೀರೆ ಅಂಗಡಿ, ಕಣ್ಣಿನ ತಪಾಸಣೆ, ಪೌರಾಣಿಕ ನಾಟಕ, ಕಳೆದುಹೋದ ಎಮ್ಮೆ, ಚುನಾವಣೆ, ಯಾವುದನ್ನೂ ಬಿಟ್ಟಿಲ್ಲ. ಮಿಡಿಗೇಶಿಯ ಕೋಟೆ ಗುಡ್ಡಕ್ಕೆ ನನ್ನ ದನಿ ಬಡಿದು ವಾಪಸು ಬಂದರೆ ಕೆಳಗೆ ಕಡಲೆಕಾಯಿ ಕೀಳುವವರು ಎರಡು ಸಲ ಕೇಳಿಸಿಕೊಳ್ಳುತ್ತಿದ್ದರು. ಒಂದು ಕೂಗಿಗೆ ಎರಡು ಪ್ರಚಾರ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಜಂಬ ಇಲ್ಲದವನು ಈ ಕೆಲಸಕ್ಕೆ ಬರಬಾರದು. ಜನ ನೋಡುತ್ತಿದ್ದಾರೆ ಎಂದು ನಾಚಿದರೆ ದನಿ ಮೈಕಿನೊಳಗೇ ಕೂತುಬಿಡುತ್ತದೆ.

ನನಗೆ ಕೆಲಸ ಕಲಿಸಿದವರು ಮಧುಗಿರಿಯಲ್ಲಿ ಸೌಂಡ್ ಸರ್ವಿಸ್ ಇಟ್ಟಿದ್ದ ಹನುಮಂತರಾಯಪ್ಪ. ಅವರು ಹೇಳಿಕೊಟ್ಟ ಸೂತ್ರ ಒಂದೇ.

"ಲೇ ಸಿದ್ದ, ಸೈಕಲ್ಲು ಮನೆ ಮುಂದೆ ಹೋಗೋ ಅಷ್ಟೊತ್ನಾಗೆ ಪಾತ್ರೆ ಉಜ್ಜೋ ಹೆಂಗ್ಸು ಎಷ್ಟು ಮಾತು ಕೇಳುಸ್ಕೊಂತಾಳೆ ಹೇಳು?"

"ಗೊತ್ತಿಲ್ಲ ಬುದ್ಧಿ."

"ಏಳು. ಎಂಟ್ನೇ ಮಾತು ಪಕ್ಕದ್ ಮನೆಯೋಳ್ಗೆ ಓಯ್ತದೆ. ಏಳ್ರಾಗೆ ಮುಗುಸ್ಬೇಕು ಕಣ್ಲಾ."

ಈಗಿನ ಹುಡುಗರು ಇದನ್ನು ಬರೆದಿಟ್ಟುಕೊಳ್ಳಬೇಕು. ಹಾಗೆಯೇ ಇದರಿಂದ ಏನೇನು ಆಗಬಹುದು ಎಂಬುದನ್ನೂ ಮುಂದೆ ಓದಬೇಕು.

ಮೊದಲ ದೊಡ್ಡ ತಪ್ಪು ಮಾಡಿದ್ದು ಸಿರಾದಲ್ಲಿ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಕೂಗಬೇಕಿತ್ತು. ಒಂದು ಮೊಹಲ್ಲಾದಲ್ಲಿ ಉರ್ದುವಿನಲ್ಲಿ ಕೂಗಿದರೆ ಒಳ್ಳೆಯದು ಅನ್ನಿಸಿತು. ಟೀ ಅಂಗಡಿಯ ರಹಮತ್ ನನ್ನ ಗೆಳೆಯ, ಅವನನ್ನು ಕೇಳಿದೆ. ಅವನು ಗಂಭೀರವಾಗಿ ಒಂದು ಸಾಲು ಕಲಿಸಿದ: "ಕಲ್ ಮೇರಾ ನಿಕಾ ಹೈ, ಸಬ್ ದಾವತ್ ಕು ಆನಾ."

"ಇದ್ರಾಗೆ ಪಾನಿ ಅನ್ನೋ ಮಾತೇ ಇಲ್ವಲ್ಲೋ?" ಅಂದೆ.

"ಪಾನಿ ಅಂಬೋದು ಬೀದಿ ಮಾತು ಭಾಯ್. ಮೈಕ್‌ನಾಗೆ ಚೊಕ್ಕ ಉರ್ದು ಹೇಳ್ಬೇಕು. ನಿಕಾ ಅಂದ್ರೆ ನಲ್ಲಿ."

ಅವತ್ತು ಮಧ್ಯಾಹ್ನವೆಲ್ಲ, ನಾಳೆ ನನ್ನ ಮದುವೆ, ಎಲ್ಲರೂ ಊಟಕ್ಕೆ ಬನ್ನಿ ಎಂದು ಮೊಹಲ್ಲಾ ತುಂಬ ಕೂಗಿದೆ. ಜನ ಕೈಬೀಸಿ ನಗುತ್ತಿದ್ದರು. ನೀರಿಲ್ಲ ಎಂದರೂ ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಮರುದಿನ ಕೆಲವರು ನನ್ನ ಸೈಕಲ್ಲು ಅಡ್ಡಗಟ್ಟಿದರು. ಅವರ ಮನೆಯಲ್ಲಿ ನೀರೂ ಇರಲಿಲ್ಲ, ನನ್ನ ಹತ್ತಿರ ಬಿರಿಯಾನಿಯೂ ಇರಲಿಲ್ಲ. ಹನುಮಂತರಾಯಪ್ಪನವರು, "ನೀರಿಲ್ಲ ಅಂತ ಕೂಗಾಕೆ ಕಳ್ಸಿದ್ರೆ ಮದ್ವೆ ಮಾಡ್ಕೊಂಡ್ ಬಂದ್ಬುಟ್ಯೇನ್ಲಾ?" ಅಂದರು. ನನ್ನ ಹೆಂಡತಿ ಗಂಗಮ್ಮ ಒಂದು ವಾರ ಮಾತು ಬಿಟ್ಟಳು. ಒಳಗಿನ ಅರ್ಥ ಗೊತ್ತಿಲ್ಲದ ಮಾತನ್ನು ಮೈಕಿನಲ್ಲಿ ಹೇಳಬಾರದು ಎಂದು ಅಂದು ಕಲಿತೆ. ಕಲಿತದ್ದನ್ನು ಮರೆಯಲು ಮೂವತ್ತು ವರ್ಷ ಬೇಕಾಯಿತು.

ಕೆಲಸದ ರೀತಿ ಬದಲಾಯಿತು. ಸೈಕಲ್ಲಿಗೆ ಬ್ಯಾಟರಿ ಕಟ್ಟಿ ತುಳಿಯುತ್ತಿದ್ದ ಕಾಲ ಹೋಗಿ ಆಟೋ ಬಂತು, ಕ್ಯಾಸೆಟ್ ಬಂತು, ಕೊನೆಗೆ ಪೆನ್‌ಡ್ರೈವ್ ಬಂತು. ಯಾರೋ ತುಮಕೂರಿನ ಹುಡುಗಿ ಒಂದು ಸಲ ನಯವಾಗಿ ಮಾತಾಡಿ ಕೊಟ್ಟದ್ದನ್ನು ಡ್ರೈವರು ಊರೂರಿಗೂ ಒಯ್ಯುತ್ತಾನೆ. ಅವಳಿಗೆ ಬಾಯಾರುವುದಿಲ್ಲ, ನಾಯಿ ಬೊಗಳಿದರೆ ನಿಲ್ಲಿಸಿ ನಗುವುದೂ ಇಲ್ಲ. ನಾನು ಮೈಕು ಕೆಳಗಿಟ್ಟೆ.

ಇಟ್ಟ ಎರಡನೆಯ ತಿಂಗಳಿಗೆ ನಾಗರತ್ನ ಮೇಡಂ ಬಂದರು. ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಮಿಡಿಗೇಶಿಯಿಂದ ಪಾವಗಡದ ದಿಕ್ಕಿಗೆ ಹೋದರೆ ಸಿಗುವ ನಮ್ಮೂರಿಗೆ ಬೂದಗುಡ್ಡ ಎಂಬ ಗುಡ್ಡವಿದೆ. ತುಗ್ಗಲಿ, ಕಮರ, ಕಾರೆ, ಸೀತಾಫಲದ ಗಿಡಗಳು, ನವಿಲು, ಮೇಲೆ ಬಂಡೆ ಸಂದಿಯಲ್ಲಿ ಎರಡು ಕರಡಿ. ಮೇಡಂ ಹನ್ನೊಂದು ವರ್ಷದಿಂದ ಆ ಗುಡ್ಡದ ಹಕ್ಕಿ ಗಿಡಗಳ ಪಟ್ಟಿ ಬರೆಯುತ್ತಿದ್ದರು.

"ಸಿದ್ದಣ್ಣ, ಜಲ್ಲಿ ಕ್ರಷರಿನವರು ಗುಡ್ಡ ಕೇಳಿ ಅರ್ಜಿ ಹಾಕಿದ್ದಾರೆ," ಅಂದರು. "ಗುರುವಾರ ವಿಶೇಷ ಗ್ರಾಮಸಭೆ. ಇದು ಊರವರದೇ ನಿಸರ್ಗವನ ಅಂತ ಸಭೆ ಒಪ್ಪಿ ಬರೆದುಕೊಟ್ಟರೆ ಗುಡ್ಡ ಉಳೀತದೆ. ಜನ ಬರದೆ ಸಭೆ ಬಿದ್ದುಹೋದರೆ ಕ್ರಷರಿನ ಕಾಗದ ಮುಂದಕ್ಕೆ ಹೋಗ್ತದೆ. ನಮ್ಮ ಹತ್ರ ಎಲ್ಲಾ ಇದೆ, ಬಾಯಿ ಇಲ್ಲ."

"ನನ್ನ ಬಾಯಿ ಐತೆ ತಗಳಿ ಮೇಡಂ. ಪುಕ್ಕಟೆ," ಅಂದೆ. ಜೀವನದಲ್ಲಿ ಮೊದಲ ಸಲ ಹಾಗೆ ಅಂದದ್ದು. ಓದು ಬಿಟ್ಟ ಮೇಲೆ ಎರಡು ವರ್ಷ ಆ ಗುಡ್ಡದಲ್ಲೇ ಕುರಿ ಕಾದಿದ್ದೆ. ಅದು ಲಾರಿಯಲ್ಲಿ ಜಲ್ಲಿಯಾಗಿ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಅವರು ಒಂದು ಹಾಳೆ ಕೊಟ್ಟರು. "ಜೀವವೈವಿಧ್ಯದ ಸಂರಕ್ಷಣೆ ಹಾಗೂ ಸುಸ್ಥಿರ ಜೀವನೋಪಾಯದ ಸದುದ್ದೇಶದಿಂದ ಸಮುದಾಯದ ಒಡೆತನದಲ್ಲಿ ರೂಪುಗೊಳ್ಳಲಿರುವ ನಿಸರ್ಗ ಉದ್ಯಾನವನದ ಕುರಿತು" ಎಂದು ಶುರುವಾಗುತ್ತಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಆಟೋ ಆಂಧ್ರದ ಗಡಿ ದಾಟಿರುತ್ತದೆ. ಮನೆಯಲ್ಲಿ ಕೂತು ಹನುಮಂತರಾಯಪ್ಪನವರ ಲೆಕ್ಕದಲ್ಲಿ ಏಳು ಮಾತಿಗೆ ಇಳಿಸಿದೆ:

"ಬೂದಗುಡ್ಡದಲ್ಲಿ ಪಾರ್ಕ್! ಸಮುದಾಯದ್ದೇ ಪಾರ್ಕ್! ಗುರುವಾರ ಗ್ರಾಮಸಭೆ! ಬನ್ನಿ!"

ಆ 'ದ್ದೇ' ನಾನೇ ಸೇರಿಸಿದ್ದು. ಮೈಕಿನಲ್ಲಿ ಎಳೆಯಲು ಚೆನ್ನಾಗಿರುತ್ತದೆ. ಸೋಮವಾರ ಇಡೀ ದಿನ ಪಂಚಾಯ್ತಿಯ ನಾಲ್ಕು ಕಡೆಗೂ ಹೋಗಿ ಕೂಗಿದೆ: ಮೇಲ್ಬೀದಿ, ಕೆಳಬೀದಿ, ಹಟ್ಟಿ, ಪಾಳ್ಯ. ಗಂಟಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಮಂಗಳವಾರ ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಪಾಳ್ಯದ ಓಬಳಪ್ಪ. ಅವನ ಹಿಂದೆ ಹತ್ತು ಹದಿನೈದು ಜನ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನೊಳಗೆ ಜಮೀನಿನ ಪಹಣಿ. ಪಾಳ್ಯದವರದು ಅರ್ಧ ತೆಲುಗು, ಅರ್ಧ ಕನ್ನಡ.

"ಏಮಯ್ಯಾ ಸಿದ್ದಣ್ಣಾ, ಪಾರ್ಕ್ ಒಚ್ಚಿಂದಂಟ ಕದಾ, ಬಂದೈತಂತಲ್ಲಾ! ನಂದೂ ಬರ್ಕೋ. ನಾಲ್ಕ್ ಎಕರೆ. ಒಂದ್ ಮರ ಇಲ್ಲ, ನೆಳ್ಳಿಲ್ಲ. ಎಂಡ ಚಾಲಾ ಬಾಗುಂದಿ!"

ಒಳಗಿನಿಂದ ಗಂಗಮ್ಮ ಕೂಗಿದಳು: "ಬೆಳಗ್ಗೆ ಎದ್ದೇಟ್ಗೇ ಎಂಡದ್ ಮಾತಾ? ಆಚೆ ಕಳ್ಸಿ ಅವ್ರನ್ನ!"

ತೆಲುಗಿನಲ್ಲಿ ಎಂಡ ಎಂದರೆ ಹೆಂಡವಲ್ಲ, ಬಿಸಿಲು, ಬಿಸಿಲು ಬಹಳ ಚೆನ್ನಾಗಿದೆ ಅಂದದ್ದು ಎಂದು ಅವಳಿಗೆ ಹೇಳುವಷ್ಟರಲ್ಲಿ ನನಗೆ ಹೊಳೆಯಿತು. ಪಾವಗಡದ ಕಡೆ ಪಾರ್ಕ್ ಎಂದರೆ ಹೂವು ಹುಲ್ಲು ಯಾರ ಮನಸ್ಸಿಗೂ ಬರುವುದಿಲ್ಲ. ಪಾರ್ಕ್ ಎಂದರೆ ಸೋಲಾರ್. ಗಾಜಿನ ಹಲಗೆ ನೆಡುತ್ತಾರೆ, ಜಮೀನಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಅವರು ತಮ್ಮ ಬಿಸಿಲನ್ನು ಬಾಡಿಗೆಗೆ ಕೊಡಲು ಬಂದಿದ್ದರು.

"ಓಬಳಪ್ಪಾ, ಇದು ಬಿಸಿಲಿನ ಪಾರ್ಕ್ ಅಲ್ಲ. ನೆಳ್ಳಿನ ಪಾರ್ಕ್."

ಅವನು ಕವರನ್ನು ಎದೆಗೆ ಒತ್ತಿಕೊಂಡು ನನ್ನನ್ನು ಮರುಕದಿಂದ ನೋಡಿದ. "ನೆಳ್ಳಿಗೆ ಯಾರಯ್ಯಾ ಬಾಡ್ಗೆ ಕೊಡ್ತಾರೆ?"

ಇದು ಸಣ್ಣ ತಪ್ಪು. ದೊಡ್ಡದು ಒಂಬತ್ತು ಗಂಟೆಗೆ ಬಂತು, ಮೇಲ್ಬೀದಿಯ ಯಜಮಾನ ರಂಗಶಾಮಣ್ಣನ ರೂಪದಲ್ಲಿ. ಕೂರಲಿಲ್ಲ, ನೀರು ಕುಡಿಯಲಿಲ್ಲ.

"ಒಂದ್ ಮಾತ್ ಕೇಳ್ಬುಟ್ಟು ಓಯ್ತೀನಿ. ಯಾವ ಸಮುದಾಯ?"

"ಏನು ಯಾವ ಸಮುದಾಯ?"

"ನಾಟ್ಕ ಆಡ್ಬ್ಯಾಡ. ಸಮುದಾಯದ್ದೇ ಪಾರ್ಕ್ ಅಂತ ರಾಗವಾಗಿ ಕೂಗ್ದಲ್ಲಾ. ಯಾವ ಸಮುದಾಯಕ್ಕೆ ಬರ್ಕೊಟ್ರು ಗುಡ್ಡನಾ?"

ಅವರು ಹೋದ ಮೇಲೆ ಕೆಳಬೀದಿಯ ತಿಮ್ಮಣ್ಣ ಬಂದ. ಅವನು ನಗುತ್ತಾ ಬಂದ, ಅದು ಇನ್ನೂ ಅಪಾಯ. "ಒಳ್ಳೇದಾಯ್ತು ಬುಡು ಸಿದ್ದಣ್ಣ. ಮೇಲ್ಬೀದಿಯೋರ್ಗೆ ಭವನ ಆಯ್ತು, ಈಗ ಪಾರ್ಕೂ ಆಯ್ತು. ನಾವೇನು ಬಸ್‌ಸ್ಟ್ಯಾಂಡ್‌ನಾಗೆ ವಾಕಿಂಗ್ ಮಾಡ್ತೀವಿ."

ಆಗ ನನಗೆ ತಪ್ಪು ತಿಳಿಯಿತು. ನಮ್ಮ ಕಡೆ ಸಮುದಾಯ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಜಾತಿ ಎಂದು ಬಾಯಿಬಿಟ್ಟು ಹೇಳಲು ಸಂಕೋಚವಾದಾಗ ಅದರ ಮೇಲೆ ಹೊದಿಸುವ ಶಲ್ಯ ಅದು. ಸಮುದಾಯ ಭವನ, ಸಮುದಾಯದ ಮುಖಂಡರು, ಸಮುದಾಯದ ಓಟು. ಮೇಡಂ ಓದಿದ ಪುಸ್ತಕದಲ್ಲಿ ಅದಕ್ಕೆ ಬೇರೆ ಅರ್ಥವಿರಬೇಕು, ಊರೆಲ್ಲ ಸೇರಿ ಎಂದು. ಆದರೆ ಚುನಾವಣೆಯಲ್ಲಿ ಅದೇ ಮಾತನ್ನು ಸಾವಿರ ಸಲ ಕೂಗಿದವನು ನಾನು, ನನಗೆ ಗೊತ್ತಿರಬೇಕಿತ್ತು. ಮೇಲೆ ಒಂದು 'ದ್ದೇ' ಬೇರೆ. ಯಾವ ಬೀದಿ ಯಾವ ಸಮುದಾಯ ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಗೊತ್ತು, ಬೇರೆಯವರಿಗೆ ಬೇಡ.

ಮಧ್ಯಾಹ್ನ ತಿದ್ದುಪಡಿ ಕೂಗಲು ಹೊರಟೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ: ತಪ್ಪು ಕೂಗಿದರೆ ಸುಮ್ಮನಿರಿ, ತಿದ್ದಬೇಡಿ. "ಸಮುದಾಯ ಎಂದರೆ ನೀವು ತಿಳಿದ ಸಮುದಾಯ ಅಲ್ಲ" ಎಂದು ಕೂಗಿದೆ. ಏಳು ಮಾತಿನೊಳಗೇ ಇತ್ತು. ಆದರೆ ಆಟೋ ತಿರುವಿನಲ್ಲಿತ್ತು. ಮೇಲ್ಬೀದಿಗೆ "ನೀವು ತಿಳಿದ ಸಮುದಾಯ" ಎಂಬಷ್ಟು ಕೇಳಿಸಿತು. ಕೆಳಬೀದಿಗೆ "ಸಮುದಾಯ ಅಲ್ಲ" ಎಂಬಷ್ಟು ಕೇಳಿಸಿತು. ಸಂಜೆಗೆ ಎರಡು ಕಡೆಯೂ ಸಭೆ ಸೇರಿದವು. ಹಟ್ಟಿಯವರು, ಕೊಟ್ಟರೆ ನಾಲ್ವರಿಗೂ ಹಂಚಿ ಕೊಡಲಿ ಎಂಬ ವಾದ ಎತ್ತಿದರು.

ಬುಧವಾರ ನಾಲ್ಕೂ ಕಡೆಯ ಹಿರಿಯರು ಸುಣ್ಣದ ಪುಡಿ ಹಿಡಿದು ಗುಡ್ಡ ಹತ್ತಿದರು. ಇನ್ನೂ ಯಾರಿಗೂ ಸೇರದ ಗುಡ್ಡವನ್ನು ಪಾಲು ಮಾಡಲು. ಮೇಡಂ ಮತ್ತು ನಾನು ಅವರ ಹಿಂದೆ ಹೋದೆವು. ಸೀತಾಫಲದ ಇಳಿಜಾರು ಯಾರಿಗೆ ಎಂಬುದು ಒಂದು ಗಂಟೆ ನಡೆಯಿತು. ಆಮೇಲೆ ಕರಡಿ ಬಂಡೆಯ ಹತ್ತಿರ ಎಲ್ಲರೂ ನಿಂತರು.

"ಇದು ಹಟ್ಟಿಯೋರ್ಗೆ ಇರ್ಲಿ," ಅಂದರು ರಂಗಶಾಮಣ್ಣ.

"ಯಾಕ್ ಸಾಮಿ, ಕರಡಿ ನಮ್ ಸಮುದಾಯವಾ?" ಅಂದ ಹಟ್ಟಿಯ ಹಿರಿಯ. "ಎಲ್ಡ್ ಐತೆ. ಒಂದು ಮೇಲ್ಬೀದಿಗೆ, ಒಂದು ಕೆಳಬೀದಿಗೆ ಮಾಡ್ಕಳಿ."

"ಗಂಡು ಯಾರ್ಗೆ?" ಅಂದ ತಿಮ್ಮಣ್ಣ. ಅವನು ತಮಾಷೆಗೆ ಕೇಳಿದ್ದಲ್ಲ.

"ಮರಿ ಹಾಕುದ್ರೆ?" ಅಂದರು ರಂಗಶಾಮಣ್ಣ. ಅವರೂ ಅಷ್ಟೇ.

ಮೇಡಂ ಒಂದು ಬಂಡೆಯ ಮೇಲೆ ಕೂತುಬಿಟ್ಟರು. "ಹನ್ನೊಂದು ವರ್ಷದಲ್ಲಿ ಈ ಊರಿಗೆ ಹತ್ತು ಗಿಡದ ಹೆಸರು ಕಲಿಸೋಕೆ ನನ್ನಿಂದ ಆಗಲಿಲ್ಲ ಸಿದ್ದಣ್ಣ. ನೀವು ಒಂದೇ ದಿನದಲ್ಲಿ ಏಳು ಮಾತು ಕಲಿಸಿದಿರಿ," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಗುಡ್ಡ ಹೋದರೆ ಕ್ರಷರಿನಿಂದ ಹೋಗುವುದಿಲ್ಲ, ನನ್ನ ಬಾಯಿಂದ ಹೋಗುತ್ತದೆ ಎಂದು ನನಗೆ ಆಗ ಸ್ಪಷ್ಟವಾಯಿತು.

ಗುರುವಾರ ಶಾಲೆಯ ಮೈದಾನಕ್ಕೆ ಹೋದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಜನವೋ ಜನ. ನಮ್ಮ ಗ್ರಾಮಸಭೆಗೆ ಸಾಮಾನ್ಯವಾಗಿ ಬರುವುದು ಬೋರ್‌ವೆಲ್ ಕೆಟ್ಟವರು ಮತ್ತು ಬಿಸ್ಕೆಟಿನ ಆಸೆಗೆ ಒಂದು ನಾಯಿ. ಅವತ್ತು ನಾಲ್ಕೂ ಕಡೆಯ ಹೆಂಗಸರು ಗಂಡಸರು ನಾಲ್ಕು ಗುಂಪಾಗಿ, ಬೆನ್ನು ಬೆನ್ನು ತಿರುಗಿಸಿ ಕೂತಿದ್ದರು. ಪಾಳ್ಯದವರು ಪಹಣಿ ತಂದಿದ್ದರು, ಏನಕ್ಕೂ ಇರಲಿ ಎಂದು. ಖಾಲಿ ಕುರ್ಚಿ ನೋಡಿ ಹೋಗೋಣ ಎಂದು ಬಂದಿದ್ದ ಕ್ರಷರಿನ ಕಡೆಯ ಇಬ್ಬರು ಬಿಳಿ ಅಂಗಿಯವರು ಬೇಲಿಗೆ ಒರಗಿ ನಿಂತಿದ್ದರು. ಜನ ಬಂದದ್ದು ನಿಸರ್ಗವನ ಬೇಕು ಎಂದು ಹೇಳುವುದಕ್ಕಲ್ಲ, ಇನ್ನೊಬ್ಬರಿಗೆ ಸಿಗಬಾರದು ಎಂದು ಹೇಳುವುದಕ್ಕೆ.

ಪಂಚಾಯ್ತಿಯ ಪಿಡಿಒ ಸಾಹೇಬರು ಬೆವರುತ್ತಾ, "ವಿಷಯ ಮಂಡಿಸಿ" ಅಂದರು. ಮೇಡಂ ಎದ್ದು, "ಸಮುದಾಯದ" ಎಂದರು, ಅಷ್ಟೇ. ಮೈದಾನವೇ ಎದ್ದು ನಿಂತಿತು. ಅವರ ದನಿ ಮುಳುಗಿಹೋಯಿತು.

ನಾನು ಮೈಕು ಕಿತ್ತುಕೊಂಡೆ. ಯೋಚನೆ ಮಾಡಿ ಅಲ್ಲ. ಚುನಾವಣೆಯ ಮೈಕಿನಿಂದ ನನಗೆ ಗೊತ್ತಿದ್ದ ಒಂದೇ ವಿಷಯ, ಜನರ ಬಾಯಿಂದ 'ಬೇಕು' ಎಂಬುದು ಗೊಣಗಿದ ಹಾಗೆ ಬರುತ್ತದೆ, 'ಬೇಡ' ಮಾತ್ರ ಹೊಟ್ಟೆಯಿಂದ ಬರುತ್ತದೆ.

"ಬಂಧುಗಳೇ! ಬೂದಗುಡ್ಡನ ಮೇಲ್ಬೀದಿಯೋರ್ಗೆ ಕೊಡ್ಬೇಕಾ?"

"ಬ್ಯಾಡಾ!" ಎಂದು ಮೂರು ಗುಂಪು.

"ಕೆಳಬೀದಿಯೋರ್ಗೆ?"

"ಬ್ಯಾಡಾ!" ಮತ್ತೆ ಮೂರು ಗುಂಪು, ಈಗ ಮೇಲ್ಬೀದಿ ಸೇರಿ.

"ಹಟ್ಟಿಗೆ? ಪಾಳ್ಯಕ್ಕೆ?"

"ಬ್ಯಾಡಾ! ಒದ್ದು!" ಒದ್ದು ಎಂದರೆ ತೆಲುಗಿನಲ್ಲಿ ಬೇಡ, ಹಾಗೆಂದವರು ಪಾಳ್ಯದ ತೆಲುಗಿನವರು. ತಮ್ಮ ಹೆಸರು ಬಂದದ್ದು ಅವರಿಗೆ ತಡವಾಗಿ ತಿಳಿಯಿತು.

"ಕ್ರಷರ್‌ನೋರ್ಗೆ?"

"ಬ್ಯಾಡಾ!"

ನಾಲ್ಕೂ ಗುಂಪು. ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು. ತಿಮ್ಮಣ್ಣ ಎದ್ದು ನಿಂತ. ಅವನ ಮಗನಿಗೆ ಕ್ರಷರಿನಲ್ಲಿ ಸೂಪರ್‌ವೈಸರ್ ಕೆಲಸದ ಮಾತಾಗಿತ್ತು. "ತಡಿಯಪ್ಪಾ, ತಡಿ! ನಾನು ಅದುಕ್ಕೆ ಬ್ಯಾಡ ಅನ್ಲಿಲ್ಲ. ಬಾಯಿ ಅದೇ ಓಟದಾಗಿತ್ತು."

ಪಿಡಿಒ ಸಾಹೇಬರೂ, "ಹೀಗೆ ಕೂಗಿಸಿದ್ದು ನಡೆಯೋದಿಲ್ಲ. ಕ್ರಷರ್ ಬೇಕು ಅನ್ನೋರು ಕೈ ಎತ್ತಿ," ಅಂದರು. ಕೆಳಬೀದಿಯಲ್ಲಿ ಹತ್ತಾರು ಕೈ ಎದ್ದವು. ಹಟ್ಟಿಯಲ್ಲೂ ಕೆಲವು. ಮೇಡಂ ಕಣ್ಣು ಮುಚ್ಚಿಕೊಂಡರು.

ಆಗ ರಂಗಶಾಮಣ್ಣ, ನನ್ನನ್ನಲ್ಲ, ಆಕಾಶವನ್ನು ನೋಡುತ್ತಾ ಕೇಳಿದರು: "ಅಲ್ಲಾ, ಕ್ರಷರ್‌ನೋನು ಯಾವ ಸಮುದಾಯ?"

ಮೈದಾನದ ತಲೆಗಳೆಲ್ಲ ಬೇಲಿಯ ಕಡೆ ತಿರುಗಿದವು. ಬಿಳಿ ಅಂಗಿಯವರು ಮುಖ ಮುಖ ನೋಡಿಕೊಂಡರು. ಅವರು ಉತ್ತರ ಹೇಳಲಿಲ್ಲ. ಹೇಳಿದ್ದರೂ ನಡೆಯುತ್ತಿತ್ತೋ ಏನೋ, ಹೇಳದೆ ಹೋದದ್ದರಿಂದ ನಾಲ್ಕೂ ಗುಂಪಿನವರು ಅವನು ಇನ್ನೊಂದು ಗುಂಪಿನವನೇ ಇರಬೇಕು ಎಂದು ತೀರ್ಮಾನಿಸಿದರು. ಎದ್ದ ಕೈಗಳು ತಲೆ ಕೆರೆದುಕೊಂಡು ಒಂದೊಂದಾಗಿ ಕೆಳಗಿಳಿದವು. ಕೊನೆಗೆ ತಿಮ್ಮಣ್ಣನದೂ.

"ಹಂಗಾದ್ರೆ ಒಡೆತನ ಅನ್ನೋ ಕಡೆ ಏನು ಬರೀಲಿ?" ಅಂದರು ಸಾಹೇಬರು. "ಯಾರಿಗೂ ಬೇಡ ಅಂತ ಬರೆಯೋಕೆ ಜಾಗ ಇಲ್ಲ."

ಹಿಂದಿನಿಂದ ಈರಮ್ಮಜ್ಜಿ ಎದ್ದಳು. ಪ್ರತಿ ವರ್ಷ ಆ ಗುಡ್ಡದ ಸೀತಾಫಲ ಕಿತ್ತು ಮಧುಗಿರಿ ಬಸ್ಸಿಗೆ ಹಾಕುವವಳು. "ಯಾರ್ದೂ ಅಲ್ದಿದ್ರೆ ಊರೊಟ್ಟಿಂದು ಕಣಪ್ಪಾ. ಬಾವಿ ಊರೊಟ್ಟಿಂದಲ್ವಾ, ಕಣ ಊರೊಟ್ಟಿಂದಲ್ವಾ? ಇದೂ ಅಂಗೇ ಬರ್ಕೋ. ಓದ್ದೋರ್ಗೆ ಎಲ್ಲಾ ಬುಡಿಸ್ ಬುಡಿಸ್ ಏಳ್ಬೇಕು."

ಊರೊಟ್ಟು. ಯಾರೂ ಎದ್ದು ನಿಲ್ಲಲಿಲ್ಲ. ಆ ಮಾತಿಗೆ ಯಾವ ಬೀದಿಯೂ ಇರಲಿಲ್ಲ. ಒಂದೇ ಮಾತು, ಮೂರಕ್ಷರ, ನಲವತ್ತು ವರ್ಷ ಕೂಗಿದ ನನ್ನ ಬಾಯಿಗೆ ಬಂದಿರಲಿಲ್ಲ. ಸಾಹೇಬರು ಬರೆದುಕೊಂಡರು: ಬೂದಗುಡ್ಡ ನಿಸರ್ಗವನ, ಊರೊಟ್ಟಿನ ಸ್ವತ್ತು, ಸಭೆಯ ಸರ್ವಾನುಮತ. ಸಹಿ ಹಾಕಲು ಸಾಲು ನಿಂತಿತು, ತಮಗಿಂತ ಮುಂದೆ ಇನ್ನೊಂದು ಬೀದಿಯವರು ಹಾಕಿಬಿಟ್ಟಾರು ಎಂದು ನೂಕಾಡಿಕೊಂಡು. ಮೇಡಂ ನನ್ನ ಹತ್ತಿರ ಬಂದು ತಮ್ಮ ಹಕ್ಕಿಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕೂತರು.

ಕ್ರಷರಿನ ಕಾಗದ ನಿಂತಿತು. ವನದ ಕೆಲಸ ಶುರುವಾದಾಗ ಗೇಟು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಬಂತು. ಯಾರ ಬೀದಿಯ ಕಡೆ ಗೇಟು ಇದೆಯೋ ವನ ಅವರದೇ ಎಂದಾಗುತ್ತದೆ ಎಂದು ಉಳಿದ ಮೂವರೂ ಹೆದರಿದರು. ಅದಕ್ಕೆ ನಾಲ್ಕು ದಿಕ್ಕಿಗೂ ಒಂದೊಂದು ಗೇಟು ನಿಲ್ಲಿಸಿದರು, ಬೀದಿಯವರು ತಾವೇ ನಿಂತು ಮಾಡಿಸಿ, ಒಬ್ಬರಿಗಿಂತ ಒಬ್ಬರದು ಎತ್ತರವಾಗಿ. ವನಕ್ಕೆಂದು ತಂದಿದ್ದ ಕಬ್ಬಿಣವೆಲ್ಲ ಅದರಲ್ಲೇ ಮುಗಿದು ಬೇಲಿಗೆ ಏನೂ ಉಳಿಯಲಿಲ್ಲ. ಈಗಲೂ ಜನ ಗೇಟಿನಲ್ಲೇ ಬರುತ್ತಾರೆ, ಹೋಗುವಾಗ ಬೀಗ ಹಾಕುತ್ತಾರೆ, ಎರಡು ಹೆಜ್ಜೆ ಪಕ್ಕದಲ್ಲಿ ಮೇಕೆಗಳು ಒಳಗೆ ಹೋಗುತ್ತವೆ. ಮೇಕೆ ಕಂಡವರು ಯಾವ ಬೀದಿಯದು ಎಂದು ನೋಡಿ ಓಡಿಸುತ್ತಾರೆ. ನಾಲ್ಕು ಬೀದಿಯ ಕಣ್ಣು ಇರುವುದರಿಂದ ಒಂದು ಸೌದೆ ಕಡ್ಡಿಯೂ ಆಚೆ ಹೋಗುವುದಿಲ್ಲ. ಕಮರದ ಸಸಿಗಳು ಸೊಂಟದೆತ್ತರ ಬಂದಿವೆ. ಓಬಳಪ್ಪ ದಿನಾ ಮಧ್ಯಾಹ್ನ ಬಂದು ಸೀತಾಫಲದ ನೆರಳಿನಲ್ಲಿ ಮಲಗುತ್ತಾನೆ, ಬಾಡಿಗೆ ಕೇಳಿಲ್ಲ.

ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದಕ್ಕೂ ಜಗಳವಾಯಿತು. ನಾಲ್ಕೂ ಬೀದಿಯವರು ಸಮನಾಗಿ ಸಂಶಯಪಡುವ ಮನುಷ್ಯ ಊರಿನಲ್ಲಿ ಒಬ್ಬನೇ ಇದ್ದ. ಹಾಗಾಗಿ ನನಗೆ ಕೊಟ್ಟರು.

ಈಗ ನನ್ನ ಬಳಿ ಇರುವುದು: ಬೀಗದ ಕೈ ನಾಲ್ಕು. ಗೇಟು ನಾಲ್ಕು. ಗುಡ್ಡ ಒಂದು. ಕರಡಿ ಮೂರು. ಬೇಲಿ ಇಲ್ಲ.